ಚಿಗವ್ವ ಕರೆಯದ ಹೆಸರು

ಸ್ಟೀಲಿನ ತಾಟಿನ ಅಂಚಿಗೆ ಸವಟಿನ ತುದಿ ತಾಗಿದಾಗ ಹುಟ್ಟುವ ಸದ್ದನ್ನು ನೀವು ಎಂದಾದರೂ ಕಿವಿಗೊಟ್ಟು ಕೇಳಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಸುರೇಬಾನದ ನಮ್ಮ ಚಿಗವ್ವನ ಮನೆಯಲ್ಲಿ ಮಾತ್ರ ಅದು ಒಂದು ಭಾಷೆಯೇ ಆಗಿತ್ತು. ಮೆಲ್ಲಗೆ ತಟ್ಟಿದರೆ ರೊಟ್ಟಿಯಾಗಿವೆ, ಕೈಕಾಲು ತೊಳೆದುಕೊಂಡು ಬರಬೇಕು ಎಂದರ್ಥ. ಜೋರಾಗಿ ತಟ್ಟಿದರೆ ಯಾರೋ ಬಂದಿದ್ದಾರೆ, ಅಂಗಿ ತೊಟ್ಟುಕೊಂಡು ಹೊರಬರಬೇಕು ಎಂದರ್ಥ. ಉಸಿರು ಬಿಡದಂತೆ ಬಡಿದರೆ ಎಮ್ಮೆ ಹಗ್ಗ ಹರಿದುಕೊಂಡು ಮಂದಿಯ ಹೊಲಕ್ಕೆ ನುಗ್ಗಿದೆ, ಅಂಗಿಯ ವಿಚಾರ ಆಮೇಲೆ ನೋಡಿಕೊಂಡರಾಯಿತು ಎಂದರ್ಥ. ಹಿತ್ತಲಿನಲ್ಲಿ ಬೀಡಿ ಸೇದುತ್ತ ಕೂತ ಅವಳ ಗಂಡ, ನಮ್ಮ ಕಾಕಾ, ಆ ಸದ್ದಿನ ಏರಿಳಿತವನ್ನೆಲ್ಲ ಒಂದೂ ತಪ್ಪದೆ ಓದಿಕೊಂಡು ಎದ್ದು ಬರುತ್ತಿದ್ದ. ಬಾಲ್ಯದ ರಜೆಗಳಲ್ಲಿ ಆ ಮನೆಗೆ ಹೋದಾಗ, ಎಲ್ಲ ಮನೆಗಳಲ್ಲೂ ಗಂಡಂದಿರನ್ನು ಹೀಗೆಯೇ ತಾಟು ಬಡಿದು ಕರೆಯುತ್ತಾರೆಂದು ನಾನು ತಿಳಿದಿದ್ದೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಗಂಗವ್ವ. ನನಗೆ ಗಾದೆ, ರಾಶಿಯ ಕಣದಲ್ಲಿ ಹಾಡುವ ಹಂತಿಯ ಹಾಡು, ಬೈಗುಳ, ಬೈದ ಮೇಲೆ ಸಮಾಧಾನ ಮಾಡುವ ಮಾತು, ಇವೆಲ್ಲವನ್ನೂ ಕಲಿಸಿದವಳು ಅವಳೇ. ಸವದತ್ತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಾನು ಇಂದು ಉಣ್ಣುತ್ತಿದ್ದರೆ ಆ ಅನ್ನದ ಅರ್ಧ ಪಾಲು ಅವಳ ನಾಲಿಗೆಯದು. ಅಂಥ ನಾಲಿಗೆ ಒಂದೇ ಒಂದು ಮಾತನ್ನು ಆಡುತ್ತಿರಲಿಲ್ಲ. ಗಂಡನ ಹೆಸರನ್ನು ಅವಳು ಹೇಳುತ್ತಿರಲಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದು ಬರಿಯ ನಾಚಿಕೆಯ ವಿಷಯವಲ್ಲ. ಹೆಂಡತಿಯ ಬಾಯಿಂದ ಹೆಸರು ಹೊರಬಿದ್ದಷ್ಟೂ ಗಂಡನ ಆಯುಷ್ಯ ಸವೆಯುತ್ತದೆ ಎಂಬುದು ಅವರು ತಾಯಂದಿರಿಂದ ಪಡೆದ ಗಟ್ಟಿ ನಂಬಿಕೆ. ಚಿಗವ್ವ ಈ ವ್ರತದಲ್ಲಿ ಉಳಿದವರಿಗಿಂತ ಒಂದು ಕೈ ಮೇಲು. ರಾಮದುರ್ಗದಿಂದ ಬರುತ್ತಿದ್ದ ಬಳೆಗಾರನ ಹೆಸರೂ ಅದೇ ಆಗಿದ್ದರಿಂದ ಅವನನ್ನು ಅವಳು ‘ಬಳಿ ಮಾಮಾ’ ಎಂದೇ ಕರೆಯುತ್ತಿದ್ದಳು. ಅವನೂ ಕಿಡಿಗೇಡಿ. “ನನ್ನ ಹೆಸರ ಹಿಡದ ಕರದ್ರ ಡಜನಕ್ಕ ಎರಡ ಬಳಿ ಪುಕ್ಕಟ ಕೊಡ್ತೇನಿ, ಗಂಗವ್ವಾ” ಎನ್ನುತ್ತಿದ್ದ. “ನಿನ್ನ ಎರಡ ಬಳಿ ಸಲುವಾಗಿ ನನ್ನ ಕೈಯಾನ ಎಲ್ಲಾ ಬಳಿ ಒಡಕೊಳ್ಳಲ್ಯಾ, ಹೋಗೋ ನಿಮ್ಮೌನ” ಎಂದು ಅವಳು ನಗುತ್ತಲೇ ಉತ್ತರಿಸುತ್ತಿದ್ದಳು. ನಗುತ್ತಿದ್ದಳು, ಆದರೆ ಹೇಳುತ್ತಿರಲಿಲ್ಲ.

ಆ ಹೆಸರು ಯೂಸಪ್ಪ.

ಜೋಳ, ಕಡಲೆ ಬೆಳೆಯುವ, ಹಣೆಗೆ ವಿಭೂತಿ ಹಚ್ಚುವ ಮನೆಯಲ್ಲಿ ಈ ಹೆಸರೆಲ್ಲಿಂದ ಬಂತು ಎಂದು ಹೊರಗಿನವರು ಕೇಳಬಹುದು; ನಮ್ಮವರು ಕೇಳುವುದಿಲ್ಲ. ಕಾಕಾನ ಅವ್ವ ಸಂಗವ್ವನಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಅವರ ಹೊಲದ ಬದುವಿನಾಚೆ ಹಸಿರು ಬಟ್ಟೆ ಹೊದ್ದ ಒಂದು ಗದ್ದುಗೆ ಇತ್ತು, ಈಗಲೂ ಇದೆ. ಅದರೊಳಗೆ ಮಲಗಿದ ಸಂತರನ್ನು ಊರವರು ಸಾಬಜ್ಜ ಎನ್ನುತ್ತಾರೆ. ಸಂಗವ್ವ ಪ್ರತಿ ಗುರುವಾರ ಅಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ, ಆ ಸಕ್ಕರೆಯನ್ನು ನಾಲಿಗೆಗೆ ಇಟ್ಟುಕೊಂಡು, ಈ ಸಲದ್ದು ಉಳಿದರೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಬೇಡಿಕೊಂಡಳು. ಉಳಿಯಿತು. ಸಾಬಜ್ಜನ ನಿಜ ಹೆಸರು ಏನೆಂದು ಗದ್ದುಗೆ ನೋಡಿಕೊಳ್ಳುವ ಮುಜಾವರನನ್ನು ಕೇಳಿದಾಗ ಅವನು ಯೂಸುಫ್ ಎಂದ. ನಮ್ಮ ಜನಕ್ಕೆ ಒಂದು ವಿದ್ಯೆ ಗೊತ್ತು, ಯಾವ ದೇಶದ ಹೆಸರೇ ಬರಲಿ, ಅದರ ಬೆನ್ನಿಗೆ ಒಬ್ಬ ಅಪ್ಪನನ್ನು ಕಟ್ಟಿದರೆ ಅದು ಮನೆಯದಾಗಿಬಿಡುತ್ತದೆ: ಹುಸೇನಪ್ಪ, ಫಕೀರಪ್ಪ, ಇಮಾಮಪ್ಪ. ಹಾಗೆಯೇ ತೊಟ್ಟಿಲಲ್ಲಿ ಮಲಗಿದ ಕೂಸಿನ ಕಿವಿಯಲ್ಲಿ ಸೋದರತ್ತೆ ‘ಕುರ್ರ್’ ಎಂದು ಊದಿ, ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುತ್ತ, ಯೂಸಪ್ಪ ಎಂದು ಹೆಸರಿಟ್ಟಳು. ಅವ್ವ ಸಂಗವ್ವ ಮಾತ್ರ ಆ ಅಪ್ಪನನ್ನು ಕಿತ್ತುಹಾಕಿ ‘ಯೂಸ್ಯಾ’ ಮಾಡಿಕೊಂಡಳು. ಹೆತ್ತವಳಿಗೆ ಯಾರ ಅಪ್ಪನ ಹಂಗೂ ಇಲ್ಲವಲ್ಲ.

ಕಾಕಾ ದೊಡ್ಡವನಾಗಿ ಹೊಲಕ್ಕಿಂತ ದಾರಿಯನ್ನೇ ಹೆಚ್ಚು ಪ್ರೀತಿಸಿದ. ಬೈಲಹೊಂಗಲದ ಪೇಟೆಯ ಒಬ್ಬ ವ್ಯಾಪಾರಿಯ ಲಾರಿ ಹತ್ತಿ ಬೆಲ್ಲ, ಹತ್ತಿ, ಮೆಣಸಿನಕಾಯಿ ಹೇರಿಕೊಂಡು ನಾಲ್ಕು ರಾಜ್ಯ ತಿರುಗಿದ. ಆಗಲೇ ನೋಡಿ, ಹೆಸರು ಕೂಡ ಲಾರಿಯಂತೆ ಗಡಿಯ ಪ್ರತಿ ನಾಕಾದಲ್ಲಿ ಒಂದಕ್ಷರ ಇಳಿಸಿ ಇನ್ನೊಂದನ್ನು ಹೇರಿಕೊಳ್ಳತೊಡಗಿದ್ದು. ಕೊಲ್ಹಾಪುರದ ಹಮಾಲರು ಅವನನ್ನು ಯೇಸಬಾ ಎಂದರು. ಗೋವೆಯಲ್ಲಿ ಬೆಲ್ಲ ಇಳಿಸಿಕೊಳ್ಳುತ್ತಿದ್ದ ಬೇಕರಿಯ ಮುದುಕಿ ಹೆಸರು ಕೇಳಿ, ಒಂದು ಕ್ಷಣ ಯೋಚಿಸಿ, “ಅಂದ್ರೆ ನೀನು ನಮ್ಮ ಜುಜೆ” ಎಂದು ಬಿಸಿ ಪಾವು ಕೊಟ್ಟಳಂತೆ. ತಮಿಳುನಾಡಿನ ಒಂದು ಗೋದಾಮಿನಲ್ಲಿ ಸೂಸೈ. ಕೇರಳದ ಘಟ್ಟ ಇಳಿದ ಮೇಲೆ ಔಸೇಪ್ಪ್. ಊರಿಗೆ ಬಂದಾಗ ಇವನ್ನೆಲ್ಲ ಅವನು ಕಟ್ಟೆಯ ಮೇಲೆ ಕೂತು ನಾಟಕದ ಪಾತ್ರಗಳಂತೆ ಅಭಿನಯಿಸಿ ತೋರಿಸುತ್ತಿದ್ದ. “ನಾ ಒಬ್ಬಾಂವ ಹೋಗಿದ್ನಿ, ಐದ ಮಂದಿ ಆಗಿ ಬಂದೇನಿ” ಎನ್ನುತ್ತಿದ್ದ. ಚಿಗವ್ವ ಒಳಗಿನಿಂದ, “ಐದೂ ಮಂದಿಗೆ ರೊಟ್ಟಿ ಬಡ್ಯಾಕ ನನ್ನ ಕೈಲೆ ಆಗೂದಿಲ್ಲ, ಒಬ್ಬರ ಒಳಗ ಬರ್ರಿ” ಎನ್ನುತ್ತಿದ್ದಳು.

ಆ ಹೆಸರು ಎಷ್ಟು ಹಳೆಯದೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಓದುವ ಚಟ ಹತ್ತಿದ ಮೇಲೆ. ಹೀಬ್ರೂ ಭಾಷೆಯ ಬೈಬಲಿನ ಯೋಸೇಫ್ ಅದರ ಮೂಲವಂತೆ. ಅರಬರ ನಾಲಿಗೆಯಲ್ಲಿ ಯೂಸುಫ್, ಇಂಗ್ಲಿಷರಲ್ಲಿ ಜೋಸೆಫ್, ಸ್ಪೇನಿನಲ್ಲಿ ಹೋಸೆ, ರಷ್ಯದ ಹಿಮದಲ್ಲಿ ಓಸಿಪ್. ಇಟಲಿಯವರು ಜುಸೆಪ್ಪೆ ಎನ್ನುತ್ತಾರೆಂದು ಓದಿದಾಗ, ಅಲ್ಲಿಯೂ ಯಾರೋ ನಮ್ಮ ಅಪ್ಪನನ್ನು ಕಟ್ಟಿಬಿಟ್ಟಿದ್ದಾರಲ್ಲ ಎಂದು ಒಬ್ಬಳೇ ನಕ್ಕೆ. ಆದರೆ ನಗು ನಿಂತದ್ದು ಅದರ ಅರ್ಥ ಓದಿದಾಗ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಒಬ್ಬ ತಾಯಿ, ಕೊನೆಗೊಮ್ಮೆ ಮಡಿಲು ತುಂಬಿದಾಗ, ದೇವರು ಇನ್ನೊಂದನ್ನೂ ಸೇರಿಸಲಿ ಎಂದು ಹರಸಿ ಇಟ್ಟ ಹೆಸರಂತೆ ಅದು. ‘ಸೇರಿಸಲಿ.’ ಅಷ್ಟೇ ಅದರ ಅರ್ಥ. ಮರುಭೂಮಿಯ ಒಂದು ಡೇರೆಯಲ್ಲಿ ಒಬ್ಬ ಬಂಜೆಯೆನಿಸಿಕೊಂಡವಳು ಉಸುರಿದ ಆಸೆ, ಎಷ್ಟೋ ಗಂಟಲುಗಳನ್ನು ದಾಟಿ, ಹಸಿರು ಬಟ್ಟೆಯಡಿಯ ಒಬ್ಬ ಸಂತನಲ್ಲಿ ತಂಗಿ, ಕೂಸುಗಳನ್ನು ಕಳೆದುಕೊಂಡ ಸುರೇಬಾನದ ಇನ್ನೊಬ್ಬಳ ತೊಟ್ಟಿಲಿಗೆ ಬಂದು ಮುಟ್ಟಿತ್ತು. ಸಂಗವ್ವನಿಗೆ ಈ ಅರ್ಥ ಗೊತ್ತಿರಲಿಲ್ಲ. ಸೇರಿಸುವವನು ಆಮೇಲೆ ಅವಳಿಗೆ ಇನ್ನೊಂದನ್ನು ಸೇರಿಸಲೂ ಇಲ್ಲ. ಹೆಸರುಗಳು ಬೇಡುತ್ತವೆ, ಕೊಡುವುದು ಅವುಗಳ ಕೈಯಲ್ಲಿಲ್ಲ.

ಇಷ್ಟನ್ನೂ ನಾನು ಕಾಕಾನಿಗೆ ಹೇಳಬೇಕೆಂದಿದ್ದೆ. ಅವನಿಗೆ ಕಟ್ಟೆಯ ಮೇಲೆ ಅಭಿನಯಿಸಲು ಇನ್ನಷ್ಟು ಪಾತ್ರಗಳು ಸಿಗುತ್ತಿದ್ದವು. ಹೇಳುವ ಹೊತ್ತು ಬರಲಿಲ್ಲ.

ಕಳೆದ ಹಿಂಗಾರಿಯ ಜೋಳ ಮೊಳಕಾಲುದ್ದ ಬೆಳೆದಿದ್ದಾಗ, ಲಾರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಹಳೆಯ ಗೆಳೆಯರನ್ನು ನೋಡುವ ಚಪಲದಿಂದ ಬೈಲಹೊಂಗಲದ ಪೇಟೆಗೆ ಹೋದವನು, ಚಹಾದ ಗಾಡಿಯ ಮುಂದೆ ಕಪ್ಪು-ಬಸಿ ಕೈಯಲ್ಲಿ ಹಿಡಿದಂತೆಯೇ ಕುಸಿದುಬಿದ್ದ. ಅವನ ಜೊತೆಗಿದ್ದವನು ದಸ್ತಗೀರ. ಒಂದು ಕಾಲಕ್ಕೆ ಕಾಕಾನ ಲಾರಿಯಲ್ಲಿ ಕ್ಲೀನರ್ ಆಗಿದ್ದು, ಅವನಿಂದಲೇ ಸ್ಟಿಯರಿಂಗ್ ಹಿಡಿಯುವುದನ್ನು ಕಲಿತು, ಈಗ ಮೊಮ್ಮಕ್ಕಳ ಅಜ್ಜನಾದರೂ ಕಾಕಾನನ್ನು ‘ಉಸ್ತಾದ್’ ಎಂದೇ ಕರೆಯುವವನು. ಅವನೇ ಎತ್ತಿ ಹತ್ತಿರದ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದ. ನಾನು ಸವದತ್ತಿಯಿಂದ ಬಸ್ ಹಿಡಿದು ಹೋಗುವಷ್ಟರಲ್ಲಿ ಸುರೇಬಾನದಿಂದ ಚಿಗವ್ವನೂ, ಕಿತ್ತೂರಿಗೆ ಕೊಟ್ಟಿದ್ದ ಅವರ ಒಬ್ಬಳೇ ಮಗಳು ಮಾದೇವಿಯೂ ಬಂದು ಮುಟ್ಟಿದ್ದರು.

ಕಾಕಾ ಮಲಗಿದ್ದ. ಅಷ್ಟು ಮಾತಿನ ಮನುಷ್ಯ ಅಷ್ಟು ಸುಮ್ಮನೆ ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಉಸಿರಿತ್ತು, ಕಣ್ಣು ಮುಚ್ಚಿತ್ತು. ಡಾಕ್ಟರು ಮೆದುಳಿನಲ್ಲಿ ರಕ್ತಸ್ರಾವವಾಗಿದೆ, ವಯಸ್ಸಾಗಿದೆ, ಆಪರೇಷನ್ನಿನ ಮಾತು ಬೇಡ ಎಂದು ತಿಳಿಸಿ, ಹೊರಡುವಾಗ ಒಂದು ಮಾತು ಸೇರಿಸಿದರು:

“ಕಿವಿ ಕೇಳಸ್ತಿರಬಹುದು. ಸುಮ್ನ ಕುಂಡ್ರಬ್ಯಾಡ್ರಿ. ಗುರ್ತಿನ ದನೀಲೆ ಹೆಸರ ಹಿಡದ ಕರೀತಿರ್ರಿ. ಒಮ್ಮೆ ‘ಓ’ ಅಂದ್ರಂದ್ರ ನಮಗೂ ಏನರೆ ಮಾಡಾಕ ದಾರಿ ಸಿಗತೈತಿ.”

ಆಗಿನಿಂದ ಆ ಕೋಣೆಯಲ್ಲಿ ಕರೆಯುವುದೇ ಒಂದು ಕೆಲಸವಾಯಿತು. ಮಾದೇವಿ ‘ಯಪ್ಪಾ’ ಎಂದಳು, ನಾನು ‘ಕಾಕಾ’ ಎಂದೆ. ಆದರೆ ಅಪ್ಪ, ಕಾಕಾ ಎಂಬವು ಸಂಬಂಧಗಳು, ಹೆಸರು ಬೇಕಲ್ಲ. ದಸ್ತಗೀರಣ್ಣ ಮಂಚಕ್ಕೆ ಆತು ನಿಂತು, ನಾಲ್ಕು ರಾಜ್ಯದ ಗಂಟಲು ತೆಗೆದ.

“ಓ ಯೇಸಬಾ! ಗಾಡಿ ಆಲೀ ರೇ!” ಎಂದು ಕೂಗಿ ಕಾದ. “ಏ ಜುಜೆ! ನಾಕಾದಾಗ ಪೊಲೀಸಪ್ಪ ನಿಂತಾನ, ಕಾಗದಾ ತಗೀ!” ಎಂದು ಗದರಿಸಿ ಕಾದ. ಅಷ್ಟರಲ್ಲಿ ಸಲಾಯಿನ್ ಬದಲಿಸಲು ಬಂದ ಕೇರಳದ ನರ್ಸ್ ಬಾಗಿಲಲ್ಲೇ ನಿಂತಳು. ಬಾಟಲಿಯ ಮೇಲೆ ಬರೆದ ಹೆಸರನ್ನು ಆಗಲೇ ಅವಳು ಓದಿದ್ದಳು.

“ಯೂಸಪ್ಪ ಅಂದ್ರೆ ನಮ್ದು ಔಸೇಪ್ಪ್ ಅಲ್ವಾ? ನನ್ನ ಅಪ್ಪನ ಅಪ್ಪ ಔಸೇಪ್ಪ್” ಎಂದಳು.

“ಹಂಗಾರ ನಮ್ಮ ಉಸ್ತಾದ ನಿಮ್ಮಜ್ಜ ಆಗಬೇಕ ನೋಡ ಸಿಸ್ಟರ್. ನೀನೂ ಒಂದ ಕೂಗ ಹಾಕು. ನಿಮ್ಮ ಘಟ್ಟ ಇಳದ ಮ್ಯಾಲೆ ಮೀನ ತಿನ್ನಾಕ ಇಂವಾ ಕೊರಳಾನ ಲಿಂಗದ ಕಂಠೀ ಬಿಚ್ಚಿ ಇಡ್ತಿದ್ದ.”

“ದಸ್ತಗೀರಣ್ಣಾ!” ಎಂದು ಮಾದೇವಿ ಅಳುವಿನ ನಡುವೆಯೂ ಹೌಹಾರಿ ಅವ್ವನ ಕಡೆ ನೋಡಿದಳು. ಚಿಗವ್ವ, “ನಂಗ ಗೊತ್ತೈತಿ ಬಿಡು, ಅಂಗಿ ನಾರತಿತ್ತು” ಎಂದಳು. ನಾವೆಲ್ಲ ನಕ್ಕೆವು. ನರ್ಸ್ ಬಾಗಿ, ಬಹಳ ಮೆದುವಾಗಿ, ತನ್ನ ಮನೆಯ ಹಜಾರದಲ್ಲಿ ಕೂತ ಮುದುಕನನ್ನು ಕಾಪಿಗೆ ಎಬ್ಬಿಸುವವಳಂತೆ, “ಔಸೇಪ್ಪ್ ಚೇಟ್ಟಾ...” ಎಂದಳು. ಯಾವ ಊರಿನ ಯಾವ ಹೆಸರಿಗೂ ಕಾಕಾನ ರೆಪ್ಪೆ ಕೂಡ ಅಲುಗಲಿಲ್ಲ. ಐದು ಮಂದಿಯಾಗಿ ತಿರುಗಿದವನೊಳಗೆ ಅಂದು ಒಬ್ಬನೂ ಮನೆಯಲ್ಲಿರಲಿಲ್ಲ.

ಒಬ್ಬಳು ಮಾತ್ರ ಕರೆದಿರಲಿಲ್ಲ. ಚಿಗವ್ವ ಮಂಚದ ಕಾಲ್ದೆಸೆಯಲ್ಲಿ ಕೂತು ಅವನ ಹಿಮ್ಮಡಿಯ ಬಿರುಕುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಆಗೀಗ ‘ಏನ್ರೀ’ ಎನ್ನುತ್ತಿದ್ದಳು. ಒಂದು ಸಲ ಊಟದ ತಾಟನ್ನು ಅವನ ಕಿವಿಯ ಹತ್ತಿರ ಹಿಡಿದು ಚಮಚೆಯಿಂದ ಮೆಲ್ಲಗೆ ತಟ್ಟಿದಳು, ಆಮೇಲೆ ಜೋರಾಗಿ, ಆಮೇಲೆ ಎಮ್ಮೆ ಹಗ್ಗ ಹರಿದುಕೊಂಡಾಗ ಬಡಿಯುವಂತೆ ಬಡಿದಳು. ಪಕ್ಕದ ಕೋಣೆಯವರು ಬಂದು ಇಣುಕಿದರು. ಕಾಕಾ ಬರಲಿಲ್ಲ.

“ಯವ್ವಾ, ಒಮ್ಮೆ ಹೆಸರ ಹೇಳ ಬೇ” ಎಂದಳು ಮಾದೇವಿ. “ನಿನ್ನ ದನಿ ಅವಂಗ ಎಲ್ಲಾರಕಿಂತ ಗುರ್ತು.”

“ದನಿ ಕೊಡಾಕತ್ತೇನಲ್ಲ. ಏನ್ರೀ ಅನ್ನಾಕತ್ತೇನಿ.”

“ಏನ್ರೀ ಅನ್ನೂದ ಹೆಸರಲ್ಲ ಬೇ. ಊರಾನ ಹೆಂಗಸರೆಲ್ಲಾ ಅವರವರ ಗಂಡರಿಗೆ ಏನ್ರೀ ಅಂತಾರ.”

“ನಂದ ಬ್ಯಾರೆ.”

“ಯಪ್ಪ ಹೊಂಟಾನ, ನಿಂದಿನ್ನೂ ಮಡಿ ಮುಗದಿಲ್ಲಲ್ಲ!” ಎಂದು ಮಾದೇವಿ ಸಿಡಿದಳು.

ಆಗ ಚಿಗವ್ವ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದ ಮಾತು ಇದು: “ಇಷ್ಟ ವರ್ಷ ಅವರ ಆಯುಷ್ಯ ನನ್ನ ಹಲ್ಲಿನ ಹಿಂದ ಇಟಗೊಂಡ ಕಾದೇನಿ. ಲಾರಿ ತಗೊಂಡ ಘಟ್ಟದಾಗ ಹೊಂಟಾಗೂ ಕಾದೇನಿ, ಕಾಮಣಿ ಆಗಿ ಮೈಯೆಲ್ಲಾ ಹಳದಿ ಆದಾಗೂ ಕಾದೇನಿ. ಈಗ ಇಂಥಾ ಹೊತ್ತಿನ್ಯಾಗ ಬಾಯಿ ಬಿಡಂತೀಯೇನ?”

ಮೂಢನಂಬಿಕೆ ಎಂಬ ಒಂದು ಪದ ನನ್ನ ಪಾಠದ ಪುಸ್ತಕಗಳಲ್ಲಿದೆ. ಅದನ್ನು ಮಕ್ಕಳಿಗೆ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಆದರೆ ಆ ಎಣ್ಣೆಗೈಯ ಮುಂದೆ ಆ ಪದ ಎಷ್ಟು ಪೋಲಿಯಾಗಿ ಕಂಡಿತೆಂದರೆ ನಾನು ಅದನ್ನು ನಾಲಿಗೆಯ ತುದಿಗೂ ತಂದುಕೊಳ್ಳಲಿಲ್ಲ. ನಾವು ಪ್ರೀತಿ ಎಂದಾಗಲೆಲ್ಲ ಕರೆಯುವುದನ್ನು ನೆನೆಯುತ್ತೇವೆ. ಹೆಸರನ್ನು ಮೊಟಕು ಮಾಡಿ, ಮುದ್ದು ಮಾಡಿ, ಬಾಯಿ ತುಂಬ ತುಂಬಿಕೊಳ್ಳುತ್ತೇವೆ. ಕರೆಯದೆ ಇರುವುದೇ ಒಬ್ಬಳ ಜೀವಮಾನದ ಪ್ರೀತಿಯಾಗಿದ್ದರೆ, ದಿನಾಲೂ ಅಷ್ಟಷ್ಟೇ ಉಳಿತಾಯ ಮಾಡುತ್ತ ಬಂದ ಗಂಟು ಅದಾಗಿದ್ದರೆ, ಅದನ್ನು ಬಿಚ್ಚೆಂದು ಹೇಳುವ ಬಾಯಿ ಯಾರಿಗಿದೆ?

ಮರುದಿನ ಬೆಳಗ್ಗೆ ಆಸ್ಪತ್ರೆಯ ಹಿಂದಿನ ನಲ್ಲಿಯ ಬಳಿ ಅವಳು ಕಾಕಾನ ಧೋತರ ಒಗೆಯುತ್ತಿದ್ದಳು. ಹಿಂಡಿಕೊಡಲು ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎದುರುಬದುರು ನಿಂತು ಹುರಿ ಮಾಡುತ್ತಿರುವಾಗ ಅವಳೇ ಬಾಯಿ ತೆರೆದಳು.

“ಸಕ್ಕೂ, ನೀ ನಿನ್ನ ಗಂಡನ್ನ ಹೆಸರ ಹಿಡದ ಕರೀತೀ ಅಲ್ಲ?”

“ಹೂಂ ಬೇ, ದಿನಾ ಕರೀತೇನಿ. ಅವರಿಗೇನೂ ಆಗಿಲ್ಲಲ್ಲ.”

“ಆರಾಮ ಇದ್ದವರ ಆಯುಷ್ಯ ತುಂಬಿದ ಚೀಲ ಇದ್ದಂಗ. ಒಂದ ಹಿಡಿ ತಗದ್ರ ಗೊತ್ತ ಆಗೂದಿಲ್ಲ. ಇವರ ಚೀಲದ ತಳಾ ಕಂಡೈತಿ.” ಧೋತರದಿಂದ ನೀರು ಸೋರುವುದು ನಿಂತರೂ ಅವಳು ಹಿಂಡುತ್ತಲೇ ಇದ್ದಳು. “ಒಡಪಿನೊಳಗ ಹೇಳಿದ್ರ ನಡೀತೈತಿ, ಅಲ್ಲ?”

ಒಡಪು ಗೊತ್ತಲ್ಲ ನಿಮಗೆ? ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಹೆಂಡತಿಯ ದಾರಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹೆಂಗಸರು ಕಾಡುತ್ತಾರೆ. ಆಗ ಎರಡು ಸಾಲಿನ ಪ್ರಾಸ ಕಟ್ಟಿ ಅದರ ಮಡಿಕೆಯೊಳಗೆ ಹೆಸರನ್ನು ಸುತ್ತಿ ಹೇಳಿದರೆ ದೋಷವಿಲ್ಲ. ಬರಿಗೈಯಲ್ಲಿ ಹಿಡಿಯಬಾರದ ಕೆಂಡವನ್ನು ಇಕ್ಕಳದಿಂದ ಹಿಡಿದಂತೆ. ಚಿಗವ್ವ ಮದುಮಗಳಾಗಿ ಬಂದಾಗ ಹೊಸ್ತಿಲಲ್ಲಿ ‘ಹತ್ತಿ ಹೊಲದಾಗ ಬೆಳ್ಳಿ ಅರಳೈತಿ’ ಎಂದು ಮೊದಲ ಸಾಲು ಹೇಳಿ, ಎರಡನೆಯದರಲ್ಲಿ ಹೆಸರು ಬರುವಷ್ಟರಲ್ಲಿ ಹೆಂಗಸರ ಕೈ ಕೆಳಗಿನಿಂದ ನುಸುಳಿ ಒಳಗೆ ಓಡಿಬಿಟ್ಟಿದ್ದಳಂತೆ. ಆ ಅರ್ಧ ಒಡಪು ನಮ್ಮ ಮನೆತನದ ಹಳೆಯ ನಗೆಮಾತು.

ಅದನ್ನೇ ಅವಳು ಆಸ್ಪತ್ರೆಯ ಕೋಣೆಯಲ್ಲಿ, ಹಣೆಗೆ ಕುಂಕುಮ ತೀಡಿಕೊಂಡು, ಸೆರಗು ಹೊದ್ದು, ಮಂಚದ ತಲೆದೆಸೆಗೆ ನಿಂತು ಹೇಳಿದಳು. “ಹತ್ತಿ ಹೊಲದಾಗ ಬೆಳ್ಳಿ ಅರಳೈತಿ...” ಎಂದಳು. ದಸ್ತಗೀರಣ್ಣ ಗಂಡಸರು ಇರಬಾರದೆಂದು ತಾನಾಗಿಯೇ ಹೊರಗೆ ಹೋದ. ಮಾದೇವಿ ನನ್ನ ಕೈ ಹಿಡಿದುಕೊಂಡಳು. ಎರಡನೆಯ ಸಾಲಿಗೆ ಚಿಗವ್ವನ ತುಟಿ ತೆರೆಯಿತು, ಅಲುಗಿತು, ಮುಚ್ಚಿತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ಒಂದು ಜೀವಮಾನ ಬಳಸದೆ ಇಟ್ಟ ಬಾಗಿಲಿನ ಚಿಲಕ ತುಕ್ಕು ಹಿಡಿದಿರುತ್ತದೆ, ನೋಡಿ.

ಅವಳು ಕುರ್ಚಿಯಲ್ಲಿ ಕೂತಳು. ಆಮೇಲೆ ನಮಗಲ್ಲ, ತನಗೇ ಎಂಬಂತೆ, “ಅತ್ತಿ ಕರದ್ರ ಎಲ್ಲಿದ್ರೂ ಬರ್ತಿದ್ರು” ಎಂದಳು. ಮದುವೆಯಾದ ಹೊಸದರಲ್ಲಿ ಅವಳು ನೋಡಿದ್ದಳು, ಮುದುಕಿ ಸಂಗವ್ವ ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಮೂರು ಹೊಲದಾಚೆ ಗೆಳೆಯರೊಂದಿಗೆ ಇಸ್ಪೀಟು ಆಡುತ್ತಿದ್ದವನು ಎಲೆ ಒಗೆದು ಓಡಿಬರುತ್ತಿದ್ದುದನ್ನು.

ಎದ್ದು ನಿಂತಳು. ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಅಂಗೈಯನ್ನು ಬಾಯಿಯ ಬದಿಗೆ ಹಿಡಿದಳು. ನಾನು ಅಂಥ ದನಿಯನ್ನು ಅವಳಿಂದ ಅದುವರೆಗೆ ಕೇಳಿರಲಿಲ್ಲ. ಅದು ಅವಳ ದನಿಯೇ ಆಗಿರಲಿಲ್ಲ.

“ಯೂಸ್ಯಾ...! ಏ ಯೂಸ್ಯಾ...! ಮನೀಗೆ ಬಾರೋ, ಹೊತ್ತ ಮುಣಗಾಕ ಬಂತು!”

ಕಾಕಾ ಕಣ್ಣು ತೆರೆದ.

ನಾನು ಕಂಡದ್ದನ್ನು ಹೇಳುತ್ತಿದ್ದೇನೆ. ಕಣ್ಣು ತೆರೆದ, ತುಟಿ ‘ಓ’ ಎನ್ನುವಂತೆ ಗುಂಡಗಾಯಿತು, ಕೊರಳು ಒಂದಿಷ್ಟೇ ಹೊರಳಿತು. ಮಾದೇವಿ ಕಿರುಚಿಕೊಂಡು ನರ್ಸನ್ನು ಕರೆಯಲು ಓಡಿದಳು. ಚಿಗವ್ವ ಬಾಗಿ, “ಏನ್ರೀ, ನಾ ಇಲ್ಲೆ ಅದೇನ್ರೀ” ಎಂದಳು. ಅವನು ಅವಳನ್ನು ನೋಡಲಿಲ್ಲ. ಅವಳ ಭುಜದ ಮೇಲಿಂದ ಬಾಗಿಲನ್ನು ನೋಡುತ್ತಿದ್ದ. ಆ ಕಣ್ಣಿನಲ್ಲಿ ಎಂಥ ಬೆಳಕು ಬಂದಿತ್ತೆಂದರೆ, ಚಿಗವ್ವ ಕೂಡ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಮತ್ತೆ ಅವನ ಕಡೆ ತಿರುಗುವಷ್ಟರಲ್ಲಿ ರೆಪ್ಪೆಗಳು ಮುಚ್ಚಿದ್ದವು.

ಡಾಕ್ಟರು ಬಂದರು, ಟಾರ್ಚು ಹಾಕಿ ನೋಡಿದರು, ಒಳ್ಳೆಯ ಲಕ್ಷಣ ಎಂದರು. ದಸ್ತಗೀರಣ್ಣ ಎಲ್ಲರಿಗೂ ಚಹಾ ತಂದ. ನಾವು ಚಹಾ ಕುಡಿದೆವು. ಮಧ್ಯಾಹ್ನದ ಊಟದ ಗಾಡಿ ಬರುವುದಕ್ಕೂ ಮುಂಚೆ ಕಾಕಾನ ಉಸಿರು ನಿಂತಿತು.

ಸುರೇಬಾನಕ್ಕೆ ಒಯ್ದು, ಹೊಲದಲ್ಲಿ ಸಂಗವ್ವನ ಪಕ್ಕದಲ್ಲಿ ಕುಣಿ ತೆಗೆದು, ಕೂರಿಸಿ ಮಣ್ಣು ಮಾಡಿದರು. ಬದುವಿನಾಚೆಯ ಸಾಬಜ್ಜನ ಗದ್ದುಗೆಯಿಂದ ಹೊಸ ಮುಜಾವರ ಬಂದು ಒಂದು ಹಿಡಿ ಸಕ್ಕರೆ ಹಾಕಿದ. ಆ ಹೆಸರಿನ ಇಬ್ಬರು ಈಗ ಒಂದೇ ಬದುವಿನ ಎರಡು ಮಗ್ಗುಲಿಗಿದ್ದಾರೆ. ‘ಸೇರಿಸಲಿ’ ಎಂಬ ಅರ್ಥವಿದ್ದ ಮಾತು ಕೊನೆಗೂ ಸೇರಿಸಿದ್ದು ಮಣ್ಣಿಗೆ. ಯಾವ ಭಾಷೆಗೆ ಹೋದರೇನು, ಯಾವ ಅಕ್ಷರ ಬಿಟ್ಟು ಯಾವುದನ್ನು ಹೇರಿಕೊಂಡರೇನು? ಅಷ್ಟು ದೇಶ ದಾಟಿ ಬಂದ ಹೆಸರಿಗೆ ಒಬ್ಬ ಮುದುಕನನ್ನು ಒಂದು ಮಧ್ಯಾಹ್ನದ ಆಚೆ ದಾಟಿಸಲು ಆಗಲಿಲ್ಲ.

ಬಳೆ ತೆಗೆಯಲು ಬಂದ ಹೆಂಗಸರ ಮುಂದೆ ಚಿಗವ್ವ ಅಳಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು: “ನಾ ಕರದ್ನಿ. ಹೋದ್ರು.” ರಕ್ತಸ್ರಾವವಾಗಿತ್ತು, ಯಾರು ಕರೆದರೂ ಕರೆಯದಿದ್ದರೂ ಇದೇ ಆಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಾನೂ ಮಾದೇವಿಯೂ ಎಷ್ಟು ಬಗೆಯಲ್ಲಿ ಬಿಡಿಸಿ ಹೇಳಿದೆವೋ. ಅವಳು ತಲೆಯಾಡಿಸುತ್ತಾಳೆ, ಮಕ್ಕಳು ಹೇಳುವ ಮಗ್ಗಿಗೆ ದೊಡ್ಡವರು ತಲೆಯಾಡಿಸುವ ಹಾಗೆ. ಮಾದೇವಿ, “ನಾನ ನಿನ್ನ ಬೆನ್ನ ಹತ್ತಿದ್ನಿ, ಬೈಯಬೇಕಾದ್ರ ನನ್ನ ಬೈ ಬೇ” ಎಂದು ಅವಳ ತೊಡೆಯ ಮೇಲೆ ಬಿದ್ದು ಅತ್ತಾಗಲೂ ಅವಳು ಬೈಯಲಿಲ್ಲ, ಬೆನ್ನು ಸವರಿದಳು. ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

ಇಬ್ಬರೇ ಇದ್ದಾಗ ಒಂದು ಸಲ ನನಗೆ ಹೇಳಿದಳು: “ಕಣ್ಣ ತಗದಾಗ ನನ್ನ ನೋಡಲಿಲ್ಲಲ್ಲ, ಸಕ್ಕೂ. ಅವರವ್ವನ ದನೀಲೆ ಕರದ್ನಿ, ಅವರವ್ವನ ಹಂತ್ಯಾಕನ ಹೋದ್ರು. ನನ್ನ ದನೀಲೆ ನಾ ಕರೀಲೇ ಇಲ್ಲ.” ಅವಳು ನನ್ನ ಹೆಸರು ಹಿಡಿದು ಆಡಿದ ಕೊನೆಯ ಮಾತು ಅದು ಎಂದು ಆಗ ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಮೊನ್ನೆ ಸುರೇಬಾನಕ್ಕೆ ಹೋದಾಗ. ಮಾದೇವಿ ತನ್ನ ಮಗಳನ್ನು ಕರೆದುಕೊಂಡು ತಿಂಗಳೊಪ್ಪತ್ತು ಅಲ್ಲಿಯೇ ಇದ್ದಳು. ಕೂಸು ಅಂಗಳದಲ್ಲಿ ಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಚಿಗವ್ವ ಅದನ್ನು ನೋಡಿ, ಕೂಗದೆ, ಮೊಳಕಾಲು ಹಿಡಿದುಕೊಂಡು ಎದ್ದು, ಅಷ್ಟು ದೂರ ನಡೆದುಹೋಗಿ, ಅದರ ಕೈ ಬಿಡಿಸಿದಳು. ಮಾದೇವಿಯನ್ನು ಕರೆಯಬೇಕಾದಾಗ ಅಡುಗೆಮನೆಯ ತನಕ ಹೋಗಿ ಅವಳ ತೋಳು ಮುಟ್ಟಿದಳು. ಎಮ್ಮೆಗೆ ಲಕ್ಷ್ಮೀ ಎಂದು ಹೆಸರಿತ್ತು. ಈಗ ಬರಿ ನಾಲಿಗೆ ಲೊಚಗುಟ್ಟುತ್ತಾಳೆ. ನಾನು ಮಾದೇವಿಯ ಮುಖ ನೋಡಿದೆ. ಅವಳು ಪಿಸುಗುಟ್ಟಿದಳು: “ಯಾರ ಹೆಸರನೂ ಹೇಳೂದಿಲ್ಲಕ್ಕಾ. ಅಂದಿನಿಂದ ಹಿಂಗ. ಕೂಸಿಂದಂತೂ ಬಾಯಾಗ ಬಂದ್ರ ಗಪ್ಪನ ಬಾಯಿ ಹಿಡಕೊಂತಾಳ.”

ಮೂರರ ಬಸ್ಸಿಗೆ ಹೊರಟೆ. ಎಂದೂ ಚಿಗವ್ವ ನನ್ನನ್ನು ಸುಮ್ಮನೆ ಕಳಿಸಿದವಳಲ್ಲ. ನಾನು ಓಣಿಯ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತು, ಊರು ಮುಟ್ಟಿ ಫೋನ್ ಮಾಡೆಂದು, ಶೇಂಗಾ ಚಟ್ನಿಯ ಡಬ್ಬಿ ಮೇಲೆ-ಕೆಳಗೆ ಮಾಡಬೇಡೆಂದು, ಮುಂದಿನ ಸಲ ಹುಡುಗರನ್ನೂ ಕರೆದುಕೊಂಡು ಬಾ ಎಂದು, ಒಂದೊಂದು ಮಾತಿಗೂ ನನ್ನ ಹೆಸರು ಪೋಣಿಸಿ ಕೂಗುತ್ತಿದ್ದಳು. ತಿರುವಿನಲ್ಲಿ ನಿಂತು ತಿರುಗಿ ನೋಡಿದೆ. ಬಾಗಿಲಲ್ಲಿ ಇದ್ದಳು. ನಾನು ಕಾದೆ. ಅವಳ ಬಾಯಿ ತೆರೆಯಿತು. ಅಷ್ಟು ದೂರದಿಂದಲೂ ಅದು ನನ್ನ ಹೆಸರಿನ ಮೊದಲ ಅಕ್ಷರವೆಂದು ನನಗೆ ತಿಳಿಯಿತು. ಒಡನೆ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ, ಹೋಗು, ಬೇಗ ಹೋಗು ಎಂದು ನನ್ನನ್ನು ತನ್ನಿಂದ ದೂರ ದೂರ ಸರಿಸುತ್ತ ಬೀಸಿದಳು.